ಕಪ್ಪು ಬಣ್ಣದಡಿಯ ಬೆಸುಗೆ

ದುಬೈಯ ಅಲ್ ಕುಸೈಸಿನ ಗ್ಯಾರೇಜಿನಲ್ಲಿ ನನಗೆ ಸಂಬಳ ಸಿಗುವುದು ಗಾಡಿ ರಿಪೇರಿಗೆ. ರಜೆಯ ದಿನ ಮಾತ್ರ ಊರಿನವರಿಗೆ ಹಳೆಯ ಗಾಡಿ ಆರಿಸಿಕೊಡುವುದರಲ್ಲೇ ಕಳೆದುಹೋಗುತ್ತಿತ್ತು. ಹೆಂಡತಿ ಇದನ್ನು ಬಿಟ್ಟಿ ಚಾಕರಿ ಎನ್ನುತ್ತಿದ್ದಳು. ನನಗೋ ಒಳಗೊಳಗೇ ಜಂಬ. ನಾನು ಗಾಡಿಯ ಅಡಿಗೆ ಮಲಗಿ ನೋಡಿ ತಲೆಯಾಡಿಸಿದರೆ ಮುಗಿಯಿತು, ಮತ್ತೆ ಯಾರೂ ಎರಡನೇ ಮಾತು ಕೇಳುತ್ತಿರಲಿಲ್ಲ.

ಅಲ್ ನಹ್ದಾದಲ್ಲಿರುವ ಬ್ಯಾರಿ ಗೆಳೆಯನೊಬ್ಬ, ನನಗಿಂತ ಹತ್ತು ವರ್ಷ ಚಿಕ್ಕವ, ಕೆಲಸ ಹೋದ ಮೇಲೆ ವಿಲ್ಲಾಗಳ ನೀರಿನ ಟ್ಯಾಂಕ್ ತೊಳೆಯುವ ಕೆಲಸ ಶುರುಮಾಡಿದ. ಒಂದು ಟನ್ ನೀರು, ಪಂಪು, ಜನರೇಟರ್ ಎಲ್ಲವೂ ಒಂದೇ ಟ್ರೇಲರಿನ ಮೇಲೆ. ಅದನ್ನು ಎಳೆಯಲು ಕಡಿಮೆ ಬೆಲೆಯ ಹಳೆಯ ಪಿಕಪ್ ಬೇಕಿತ್ತು. ಮೂರನ್ನು ನೋಡಿ ಮೂರನ್ನೂ ಬೇಡವೆಂದೆ. ಒಂದಂತೂ ಮರುಭೂಮಿಯಲ್ಲಿ ಕುಣಿದು ಕುಣಿದು ಸೊಂಟ ಮುರಿದುಕೊಂಡಿತ್ತು.

ನಾಲ್ಕನೆಯದನ್ನು ಮಾರುತ್ತಿದ್ದವರು ನಮ್ಮ ತಾಲೂಕಿನವರೇ, ಅರವತ್ತು ದಾಟಿದವರು. ವೀಸಾ ಕ್ಯಾನ್ಸಲ್ ಆಗಿತ್ತು, ಭಾನುವಾರ ಊರಿಗೆ ಹೊರಟಿದ್ದರು. ಹಾಲಿಲ್ಲದ ಸುಲೈಮಾನಿ ಚಹಾ ಕೊಟ್ಟು, ತುಳುವಿನಲ್ಲಿ ನನ್ನ ಮನೆಯವರನ್ನೆಲ್ಲ ವಿಚಾರಿಸಿದರು. ಎಂಜಿನ್ ಗಟ್ಟಿಯಾಗಿತ್ತು, ಟೈರು ಹೊಸದು. ಅಡಿಗೆ ನುಸುಳಿದೆ. ಹಿಂದುಗಡೆ, ಟ್ರೇಲರಿನ ಕೊಂಡಿ ಕೂರುವಲ್ಲೇ, ಗಾಡಿಯ ಅಡಿಕಟ್ಟಾದ ಚಾಸಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು. ಬೆರಳಾಡಿಸಿದಾಗ ಬಣ್ಣದಡಿ ಬೆಸುಗೆಯ ಏಣು ತಗುಲಿತು.

ಹೊರಗೆ ತಲೆ ಹಾಕಿದರೆ ಅವರು ಬಗ್ಗಿ ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಬಾಯಲ್ಲಿ ಬಿಸಿ ತುಪ್ಪ. ನಾನು ಬೇಡವೆಂದರೆ ಭಾನುವಾರದೊಳಗೆ ಇದನ್ನು ಯಾರು ಕೊಳ್ಳುತ್ತಾರೆ ಎಂದುಕೊಂಡೆ. ಭಾರ ಎಳೆದರೆ ಆ ಬೆಸುಗೆ ಬಿಡಬಹುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಗೆಳೆಯನಿಗೆ ಗಾಡಿ ಪರವಾಗಿಲ್ಲ ಎಂದುಬಿಟ್ಟೆ. ಅವನು ಕೊಂಡ. ತಪಾಸಣೆಗೆ ಒಯ್ದದ್ದು ಟ್ರೇಲರಿಲ್ಲದ ಖಾಲಿ ಗಾಡಿ ತಾನೇ, ಪಾಸಿಂಗೂ ಆಯಿತು.

ಎರಡು ವಾರ ಫೋನ್ ರಿಂಗಾದರೆ ಸಾಕು, ಅವನದೇ ಇರಬೇಕೆಂದು ಮೊದಲು ಹೆಸರು ನೋಡುತ್ತಿದ್ದೆ. ಆಮೇಲೊಂದು ಬೆಳಿಗ್ಗೆ ಅವನೇ ಗ್ಯಾರೇಜಿಗೆ ಬಂದ. ಹಿಂದೆ ನೀರು ತುಂಬಿದ ಟ್ರೇಲರ್, ಪಕ್ಕದ ಸೀಟಿನಲ್ಲಿ ಯೂನಿಫಾರ್ಮ್ ಹಾಕಿದ ಮಗಳು. ದಿನಾ ಅವಳನ್ನು ಶಾಲೆಯ ಗೇಟಿನಲ್ಲಿ ಇಳಿಸಿಯೇ ಕೆಲಸಕ್ಕೆ ಹೋಗುವುದಂತೆ. ಹಿಂದೆ ಏನೋ ಕಿರುಗುಟ್ಟುತ್ತಿದೆ, ನೋಡಿ ಎಂದ. ಅಡಿಗೆ ಮಲಗಿದೆ. ಬೆಸುಗೆಯುದ್ದಕ್ಕೂ ಬಣ್ಣ ಬಿರಿದಿತ್ತು. ಶಾಲೆಯ ಗೇಟಿನಲ್ಲಿ ಆ ಟ್ರೇಲರಿನ ಹಿಂದೆ ರಸ್ತೆ ದಾಟುವ ಮಕ್ಕಳು ಕಣ್ಣಿಗೆ ಕಟ್ಟಿದರು.

ಎದ್ದು ಬಂದು ಎಲ್ಲವನ್ನೂ ಹೇಳಿದೆ. ಅವನು ಬೈದಿದ್ದರೆ ಚೆನ್ನಾಗಿತ್ತು.

"ಟ್ರೇಲರ್ ಸಿಕ್ಕಿಸುವಾಗ ಆ ಬೆಸುಗೆ ನನ್ನ ಕೈಗೂ ತಗುಲಿತ್ತು ಅಣ್ಣ," ಎಂದ. "ನೀವು ಎಂತದೂ ಹೇಳ್ಲಿಲ್ಲಲ್ಲ, ಹಾಗೆ ತೊಂದರೆ ಇಲ್ಲ ಅಂತ ಗ್ರಹಿಸಿದೆ."

ಮಗಳ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಟ್ಯಾಕ್ಸಿ ಹುಡುಕುತ್ತ ನಡೆದ. ಗಾಡಿಯನ್ನೂ ಟ್ರೇಲರನ್ನೂ ನನ್ನ ಬಳಿಯೇ ಬಿಟ್ಟ.

ಮುಂದಿನ ತಿಂಗಳು ಅವನು ಬೇರೆ ಪಿಕಪ್ ತೆಗೆದುಕೊಂಡ ಸುದ್ದಿ ಯಾರಿಂದಲೋ ಬಂತು. ಅಡಿಗೆ ತಾನೇ ಮಲಗಿ ನೋಡಿದನಂತೆ.