ಕರಡಿಗಿಯೊಳಗಿನ ಜೀವ

ಅಣ್ಣಿಗೇರಿಯಲ್ಲಿ ಮಹಾನಂದಾಳಷ್ಟು ಅಂಜುಬುರುಕಿ ಹುಡುಕಿದರೂ ಸಿಗಲಿಕ್ಕಿಲ್ಲ. ಗುಡುಗಿದರೆ ಕಿವಿ ಮುಚ್ಚಿ ದೇವರ ಕೋಣೆ ಸೇರುವಾಕೆ. ರೈಲ್ವೆ ಗೇಟು ಹಾರುಹೊಡೆದಿದ್ದರೂ ಬೇರೆ ಯಾರಾದರೂ ದಾಟಿದ ಮೇಲೆಯೇ ದಾಟುವಾಕೆ. ಹಲ್ಲಿ ಲೊಚಗುಟ್ಟಿತೋ, ಅಂದಿನ ಪ್ರಯಾಣ ಬಂದ್! ಇಂಥಾಕೆ ನೇಪಾಳಕ್ಕೆ ಹೋಗಿಬಂದಳೆಂದರೆ ಓಣಿಯವರು ಮೂಗಿನ ಮೇಲೆ ಬೆರಳಿಡದೆ ಇನ್ನೇನು ಮಾಡಿಯಾರು?

"ಹೆಂಗಿತ್ತ ಬೇ ಹಿಮಾಲಯ?" ಎಂದು ಬಾಜು ಮನೆಯ ದುರ್ಗವ್ವ ಇಂದಿಗೂ ಕೇಳುತ್ತಾಳೆ. ಮಹಾನಂದಾ ಹೇಳುತ್ತಾಳೆ, ಹೇಳದೆ ಏನು. ಅಲ್ಲಿಯ ಮಂದಿ ಚಹಾಕ್ಕೆ ಉಪ್ಪು ಬೆಣ್ಣೆ ಹಾಕಿ ಕುಡಿಯುತ್ತಾರೆ. ಮುದುಕಿಯರು ಬುಟ್ಟಿಯ ಪಟ್ಟಿಯನ್ನು ಹಣೆಗೆ ಕೊಟ್ಟು ಗುಡ್ಡ ಏರುತ್ತಾರೆ. ಗುಡಿಯ ಗೋಡೆಗುಂಟ ಹಿತ್ತಾಳೆಯ ಗಾಲಿಗಳಿರುತ್ತವೆ, ಅವನ್ನು ತಿರುಗಿಸಿದರೆ ಜಪ ಮಾಡಿದ ಹಾಗೆ. ಆದರೆ ವಿಮಾನದ ಮಾತು ಬಂತೆಂದರೆ ಅವಳ ಕೈ ತಾನಾಗಿ ಎದೆಗೆ ಹೋಗುತ್ತದೆ. "ಅದೊಂದ ಬ್ಯಾಡ ಬಿಡ" ಎಂದು ಎದ್ದು ಒಳಗೆ ನಡೆಯುತ್ತಾಳೆ.

ಎದೆಯ ಮೇಲಿರುವುದು ಬೆಳ್ಳಿಯ ಕರಡಿಗಿ. ಅದರೊಳಗೆ ಅವಳ ಲಿಂಗ. ತೊಟ್ಟಿಲಲ್ಲಿದ್ದಾಗಲೇ ಸ್ವಾಮಿಗಳು ಕಟ್ಟಿದ್ದು; ಶಿವದಾರ ಸವೆದಾಗ ಬದಲಾಗಿದೆ, ಲಿಂಗ ಮಾತ್ರ ಮೈಬಿಟ್ಟಿಲ್ಲ. "ಇದು ಕಲ್ಲಲ್ಲ ಮಗಳ, ನಿನ್ನ ಜೀವ. ಇದು ಮೈಮ್ಯಾಲೆ ಇಲ್ಲದಾಗ ಹನಿ ನೀರೂ ಬಾಯಾಗ ಹಾಕಬ್ಯಾಡ" ಎಂದು ಅವ್ವ ಹೇಳಿದ್ದಳು. ಮಹಾನಂದಾ ಹಡೆಯುವಾಗಲೂ ಅದನ್ನು ಮುಷ್ಟಿಯಲ್ಲಿ ಹಿಡಿದೇ ಹಡೆದಾಕೆ.

ನೇಪಾಳಕ್ಕೆ ರೈಲು, ಬಸ್ಸು ಹಿಡಿದು ಯಾತ್ರೆಯ ಗುಂಪಿನೊಡನೆ ಹೋಗಿದ್ದರು, ಅವಳೂ ಗಂಡ ಈರಬಸಪ್ಪನೂ. ಬಸ್ಸಿನಲ್ಲೇ ಮರಳಬೇಕಿತ್ತು. ಆದರೆ ಮಳೆಗೆ ಗುಡ್ಡ ಕುಸಿದು ರಸ್ತೆ ಹೋಯಿತು. ಗುಂಪಿನ ಮುಖಂಡ ಒಂದು ಸಣ್ಣ ಊರಿನಿಂದ ಚಿಕ್ಕ ವಿಮಾನಕ್ಕೂ, ಅಲ್ಲಿಂದ ಮುಂದೆ ದೇಶಕ್ಕೆ ಮರಳುವ ದೊಡ್ಡ ವಿಮಾನಕ್ಕೂ ಟಿಕೀಟು ಹೊಂದಿಸಿದ. ಊರಿನ ಹೆಸರು ಮಹಾನಂದಾಳ ನಾಲಿಗೆಗೆ ಹತ್ತಲೇ ಇಲ್ಲ. ಗಾಳಿ ಎದ್ದರೆ ಆ ಕಣಿವೆಯಲ್ಲಿ ವಿಮಾನ ಹಾರುವುದಿಲ್ಲವಂತೆ, ಎಲ್ಲರಿಗೂ ಅವಸರವೋ ಅವಸರ.

ತಪಾಸಣೆಗೆ ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು. ಈರಬಸಪ್ಪ ಗಾಜಿನ ಆಚೆ ಆಗಲೇ ಹೋಗಿ ನಿಂತಿದ್ದ. ಇವಳನ್ನು ತಪಾಸಣೆಯ ಹೆಣ್ಣುಮಗಳು ತಡೆದಳು. ಕರಡಿಗಿಯ ಮೇಲೆ ಯಂತ್ರ ಆಡಿಸಿದಳು, ಕುಂಯ್ ಎಂದಿತು. ಒಳಗೇನಿದೆ ಎಂದು ಕೇಳಿದಳು: "ಇಸ್ಮೇ ಕ್ಯಾ ಹೈ?"

ಮಹಾನಂದಾಳಿಗೆ ಹುಬ್ಬಳ್ಳಿ ಬಜಾರದಲ್ಲಿ ಕಲಿತ ನಾಲ್ಕು ಹಿಂದಿ ಶಬ್ದ ಬರುತ್ತಿದ್ದವು. ಅವ್ವನ ಮಾತು ಬಾಯಿಗೆ ಬಂತು. "ಜೀವ. ಮೇರಾ ಜೀವ ಹೈ."

ಅಯ್ಯೋ ದೇವರೇ! ನಮ್ಮಲ್ಲಿ ಜೀವ ಅಂದರೆ ಪ್ರಾಣ. ಅಲ್ಲಿಯವರಿಗೆ ಜೀವ ಅಂದರೆ ಹುಳವೋ, ಹಾವೋ, ಯಾವುದೋ ಜೀವಂತ ಪ್ರಾಣಿ. ಆಕೆ ಸರಕ್ಕನೆ ಕೈ ಹಿಂದೆಗೆದಳು. "ಜಿಂದಾ ಹೈ?"

ಜಿಂದಾ ಎಂದರೆ ಇವಳಿಗೂ ಗೊತ್ತು. ಜೀವ ಜಿಂದಾ ಇರದೆ ಸತ್ತಿರುತ್ತದೆಯೇ? ತಲೆಯಾಡಿಸಿ "ಹಾಂ, ಜಿಂದಾ" ಎಂದಳು.

ಅಷ್ಟೇ. ಸಿಳ್ಳು ಊದಿದರು, ಸಾಲು ಹಿಂದೆ ಸರಿಯಿತು, ಬಂದೂಕು ಹಿಡಿದ ಪೊಲೀಸನೊಬ್ಬ ಓಡಿಬಂದ. ದಪ್ಪ ಕೈಗವಸು ತೊಟ್ಟ ಕೈಯೊಂದು ಅವಳ ಕೊರಳಿನಿಂದ ಶಿವದಾರ ಎತ್ತಿತು. ಕರಡಿಗಿ ಪ್ಲಾಸ್ಟಿಕ್ ತಟ್ಟೆಗೆ ಬಿತ್ತು. ಮೇಲೊಂದು ಡಬ್ಬಿ ಬೋರಲು ಹಾಕಿದರು.

ಮಹಾನಂದಾಳ ಎದೆ ಬರಿದಾಗಿತ್ತು. ಹುಟ್ಟಿದಾಗಿನಿಂದ ಅಲ್ಲಿದ್ದ ಭಾರ ಇರಲಿಲ್ಲ, ಉಸಿರು ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಈಗ ಸಾಯುತ್ತೇನೆ, ಪರದೇಶದಲ್ಲಿ, ಲಿಂಗವಿಲ್ಲದ ಮೈಯಲ್ಲಿ ಸಾಯುತ್ತೇನೆ ಅನಿಸಿತು. ಗಾಜಿನ ಆಚೆ ಈರಬಸಪ್ಪ ಬಾಯಿ ಆಡಿಸುತ್ತಿದ್ದ, ಏನೂ ಕೇಳಿಸುತ್ತಿರಲಿಲ್ಲ. ಯಾರೋ ಕನಿಕರದಿಂದ ನೀರಿನ ಬಾಟಲಿ ಚಾಚಿದರು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು, ಆದರೂ ಮುಖ ತಿರುವಿದಳು.

ತಪಾಸಣೆಯಾಕೆ ಕರಡಿಗಿಯನ್ನು ಕಿವಿಯ ಬಳಿ ಒಯ್ದು ಮೆಲ್ಲಗೆ ಅಲುಗಿಸಿದಳು. ಸದ್ದಿಲ್ಲ. ಪೊಲೀಸನತ್ತ ತಿರುಗಿ ಅಂದಳು: "ಮರ್ ಗಯಾ ಕ್ಯಾ?"

ಸತ್ತುಹೋಯಿತೇ ಎಂದು ಕೇಳುತ್ತಿದ್ದಾಳೆ! ಹಲ್ಲಿಗೆ ಹೆದರುವ ಮಹಾನಂದಾ ಅಡ್ಡ ಕಟ್ಟಿದ್ದ ಹಗ್ಗದ ಕೆಳಗೆ ನುಗ್ಗಿ ಕರಡಿಗಿ ಕಸಿದುಕೊಂಡಳು. "ಸತ್ತಿಲ್ಲ! ನನ್ನ ಜೀವ ಸತ್ತಿಲ್ಲವ್ವಾ!" ಪೊಲೀಸ ಬಂದೂಕು ಎತ್ತಿದ. ಅವಳು ಕುಸಿದು ಕುಳಿತು, ಕರಡಿಗಿ ತೆರೆದು, ದಿನಾ ಪೂಜೆಯಲ್ಲಿ ಇಟ್ಟುಕೊಳ್ಳುವಂತೆ ಲಿಂಗವನ್ನು ಎಡಗೈಯಲ್ಲಿಟ್ಟಳು. ಕಪ್ಪಗೆ, ವಿಭೂತಿಯೊಡನೆ ಇತ್ತು. ತಪಾಸಣೆಯಾಕೆ ಬಗ್ಗಿ ನೋಡಿದಳು. ಕೈಗವಸು ಕಳಚಿದಳು. ಪೊಲೀಸನಿಗೆ ಏನೋ ಹೇಳಿ ಬಂದೂಕು ಇಳಿಸುವಂತೆ ಮಾಡಿದಳು.

ಶಿವದಾರ ಕೊರಳಿಗೆ ಬಿದ್ದ ಮೇಲೆ ಮಹಾನಂದಾ ಕೈ ಚಾಚಿದಳು. "ಈಗ ನೀರ ಕೊಡ ನಮ್ಮವ್ವ." ಬಾಟಲಿ ಬರಿದಾಗುವವರೆಗೆ ಕುಡಿದಳು.

ಕತೆ ಇಲ್ಲಿಗೇ ಮುಗಿದಿದ್ದರೆ ಅವಳು ದುರ್ಗವ್ವನಿಗೆ ನಕ್ಕುನಕ್ಕು ಹೇಳುತ್ತಿದ್ದಳು. ಆದರೆ ಊರ ಕಡೆ ಬರುವ ದೊಡ್ಡ ವಿಮಾನ ಇನ್ನೂ ಇತ್ತಲ್ಲ. ಜೀವ ಎಂಬ ಶಬ್ದ ಮಾಡಿದ ಪಜೀತಿಯನ್ನು ಮುಖಂಡ ಅಷ್ಟರಲ್ಲಿ ಬಿಡಿಸಿ ಹೇಳಿದ್ದ. ಈರಬಸಪ್ಪನೂ ದಾರಿಯುದ್ದಕ್ಕೂ ಅದನ್ನೇ ಕೊರೆದಿದ್ದ. "ಈ ಸಲ ಬಾಯಿ ಬಿಗಿ ಹಿಡಿ. ಮತ್ತ ಕಸಗೊಂಡ್ರ ನಾ ಏನ ಮಾಡ್ಲಿ?"

ಮತ್ತೆ ಸಾಲು. ಮತ್ತೆ ಕುಂಯ್. "ಇಸ್ಮೇ ಕ್ಯಾ ಹೈ?"

ಬರಿದಾದ ಎದೆ ನೆನಪಾಯಿತು. ಬೋರಲು ಹಾಕಿದ ಡಬ್ಬಿ ನೆನಪಾಯಿತು. ಮಹಾನಂದಾ ತಲೆ ತಗ್ಗಿಸಿ ಅಂದಳು:

"ಪತ್ಥರ್. ಬರೇ ಕಲ್ಲ ಐತ್ರಿ."

ಅಲ್ಲಿಯ ತಪಾಸಣೆಯಾಕೆ ಮುಂದೆ ಹೋಗೆಂದು ಕೈ ಬೀಸಿದಳು. ಯಾರೂ ತಡೆಯಲಿಲ್ಲ.

"ಭಾರಿ ಶಾಣ್ಯಾಕಿ ಆದಿ ನೋಡ!" ಎಂದು ಈರಬಸಪ್ಪ ಖುಷಿಪಟ್ಟ. ವಿಮಾನ ಏರಿದ ಮೇಲೆ ಹುಡುಗಿಯೊಬ್ಬಳು ನೀರಿನ ಲೋಟ ತಂದಳು.

"ಕುಡಿ, ಬಾಯಿ ಒಣಗಿರಬೇಕು" ಎಂದ ಗಂಡ.

"ಒಲ್ಲೆರಿ."

"ಯಾಕ? ಲಿಂಗ ಮೈಮ್ಯಾಲೆ ಐತಲ್ಲ?"

ಮಹಾನಂದಾ ಕರಡಿಗಿಯನ್ನು ಸೆರಗಿನೊಳಗೆ ಮುಚ್ಚಿ ಹಿಡಿದಿದ್ದಳು. "ಐತೇನ್ರಿ?" ಎಂದಳು. ಲೋಟ ಮುಟ್ಟಲಿಲ್ಲ.