ನಾನು ಮಾಡದ ವಂದನಾರ್ಪಣೆ

ನಮ್ಮೂರಿನ ಯಾವ ಕಾರ್ಯಕ್ರಮವಿದ್ದರೂ ವಂದನಾರ್ಪಣೆ ನನಗೇ ಕಾಯಂ. ನಿವೃತ್ತ ಕನ್ನಡ ಟೀಚರು, ಯಾರ ಹೆಸರನ್ನೂ ಬಿಡುವುದಿಲ್ಲ, ಯಾರ ಮನಸ್ಸನ್ನೂ ನೋಯಿಸುವುದಿಲ್ಲ ಎಂಬ ನಂಬಿಕೆ. ಒಮ್ಮೆ ವಂದನಾರ್ಪಣೆ ಆಯಿತೆಂದರೆ ಆಮೇಲೆ ದೇವರೇ ಇಳಿದು ಬಂದು ಹಾಡಿದರೂ ಕೇಳುವವರಿಲ್ಲ. ಎಲ್ಲರೂ ಕಾಫಿಗೆ ಎದ್ದಿರುತ್ತಾರೆ.

ಕಳೆದ ವರ್ಷ ಸಾಗರದ ಒಂದು ಪುಟ್ಟ ಸಭಾಂಗಣದಲ್ಲಿ ಪಂಕ್ ರಾಕ್ ಬ್ಯಾಂಡ್ ಬಂದಾಗಲೂ ಅಷ್ಟೇ, ನನ್ನ ಹೆಸರು ಕಾರ್ಯಕ್ರಮಪಟ್ಟಿಯ ಕೊನೆಯಲ್ಲಿತ್ತು. ಮೂವರೂ ಹುಡುಗಿಯರು. ಹಾಡುವವಳು ಹುಂಚದ ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿ. ಪಂಕ್ ಅಂದರೆ ಎಂಥದೇ ಎಂದು ಕೇಳಿದ್ದಕ್ಕೆ, "ಸಿಟ್ಟನ್ನ ನುಂಗದೆ ಹಾಡೋದು ಮೇಡಂ" ಅಂದಳು. "ಕೊನೇ ಹಾಡು ಬಸ್ಸಲ್ಲಿ ಮೈಮೇಲೆ ಕೈ ಹಾಕ್ತಾರಲ್ಲ, ಅವರಿಗೆ. ಅದೊಂದನ್ನ ನಮ್ಮೂರಲ್ಲೇ ಹಾಡ್ಬೇಕು ಅಂತ ಬಂದಿದ್ದು."

ಶಾಲೆಗೆ ಹೋಗಿಬರುವ ಬಸ್ಸಿನಲ್ಲಿ ನಾನೂ ಇಪ್ಪತ್ತಾರು ವರ್ಷ ನಿಂತು ಹೋಗಿದ್ದೇನೆ. ಮೊಣಕೈಯಲ್ಲಿ ತಿವಿದಿದ್ದೇನೆ, ಸೆರಗಿನ ಪಿನ್ನು ತೆಗೆದು ಚುಚ್ಚಿದ್ದೇನೆ. ಬಾಯಿ ಮಾತ್ರ ಬಿಟ್ಟವಳಲ್ಲ. ಕೂಗಿದರೆ ಬಸ್ಸಿಗೆ ಬಸ್ಸೇ ತಿರುಗಿ ನನ್ನ ಮುಖ ನೋಡುತ್ತದೆ ಎಂಬ ಹೆದರಿಕೆ.

ಸ್ವಾಗತ, ಪ್ರಾರ್ಥನೆ, ಅಧ್ಯಕ್ಷರಿಗೆ ಶಾಲು, ಒಂದೂ ತಪ್ಪಲಿಲ್ಲ. ಪಾಪ, ಹುಡುಗಿಯರು ಬೂಟು ಬಿಚ್ಚಿ ದೀಪವನ್ನೂ ಹಚ್ಚಿದರು. ಮೊದಲ ಹಾಡಿಗೆ ನನ್ನ ಕುರ್ಚಿ ನಡುಗಿತು, ತಲೆನೋವೂ ಬಂತು. ಸುಳ್ಳು ಯಾಕೆ ಹೇಳಲಿ, ಇಷ್ಟವಾಗಲಿಲ್ಲ. ಮೂರನೆಯದು ಮುಗಿಯುವ ಹೊತ್ತಿಗೆ ಮುಂದಿನ ಸಾಲು ಅರ್ಧ ಖಾಲಿ. ಹಿಂದೆ ಬಾಗಿಲ ಬಳಿ ಕಾಲೇಜು ಹುಡುಗಿಯರು ಮಾತ್ರ ಕುಣಿಯುತ್ತಿದ್ದರು.

ಪಕ್ಕದಲ್ಲಿದ್ದ ಅಧ್ಯಕ್ಷರು ನನ್ನ ಕಡೆ ಬಾಗಿದರು. "ಸಾಕು ಮೇಡಂ. ಮುಂದಿಂದು ಆ ಬಸ್ಸಿನ ಹಾಡಂತೆ. ಹೆಂಗಸ್ರು ಕೂತಿದಾರೆ, ಮರ್ಯಾದೆ ಪ್ರಶ್ನೆ. ನೀವು ವಂದನಾರ್ಪಣೆ ಮಾಡ್ಬಿಡಿ."

ಅಭ್ಯಾಸಬಲ, ಎದ್ದುಬಿಟ್ಟೆ. ಕೈಯಲ್ಲಿ ಚೀಟಿ ಹಿಡಿದು ವೇದಿಕೆ ಹತ್ತಿದ್ದನ್ನು ನೋಡಿದ ಹುಡುಗಿಯ ಮುಖ ಸಣ್ಣದಾಯಿತು. "ಇನ್ನೊಂದೇ ಇತ್ತು ಮೇಡಂ" ಅಂದಳು. ಅಂದರೂ ಮೈಕು ಕೊಟ್ಟಳು. ಟೀಚರಲ್ಲವೇ, ಕೊಡದೆ ಏನು ಮಾಡುತ್ತಾಳೆ?

ಆಗ ನನಗೆ ಬಂತು ನೋಡಿ ಸಿಟ್ಟು. ಹೆಂಗಸರು ಕೂತಿದ್ದಾರಂತೆ! ಬಸ್ಸಿನಲ್ಲಿ ನಿಂತಿದ್ದಾಗ ನಮ್ಮ ಮರ್ಯಾದೆ ಕೇಳಿದವರು ಯಾರು? ಅಧ್ಯಕ್ಷರ ಮೇಲಿಗಿಂತ ಹೆಚ್ಚು ಸಿಟ್ಟು ನನ್ನ ಮೇಲೇ ಇತ್ತು. ತರಗತಿಯಲ್ಲಿ ಈ ಹುಡುಗಿಗೆ ಎಷ್ಟು ಸಲ "ಮೆಲ್ಲಗೆ ಮಾತಾಡು" ಅಂದಿದ್ದೆನೋ.

ಚೀಟಿ ಮಡಚಿ ಬ್ಲೌಸಿಗೆ ಸಿಕ್ಕಿಸಿಕೊಂಡೆ. "ಇವತ್ತು ವಂದನಾರ್ಪಣೆ ಇಲ್ಲ. ಇನ್ನೊಂದು ಹಾಡಿದೆ. ಕಾಫಿ ಬೇಕಾದವರು ಹೋಗಬಹುದು" ಎಂದು ಮೈಕು ವಾಪಸು ಕೊಟ್ಟೆ. ಅಧ್ಯಕ್ಷರು ಶಾಲು ಹೆಗಲಿಗೇರಿಸಿಕೊಂಡು ಎದ್ದು ನಡೆದರು.

ಡ್ರಮ್ಮು ಶುರುವಾಯಿತು. ಹಾಡಿನ ತುಂಬ ಇದ್ದದ್ದು ಹೆಚ್ಚುಕಡಿಮೆ ಎರಡೇ ಪದ, "ತೆಗಿ ಕೈ!" ಹಿಂದಿನಿಂದ ಹುಡುಗಿಯರು ಕೂಗಿದರು. ಎರಡನೇ ಸಾಲಿನಲ್ಲಿದ್ದ ನನ್ನ ವಯಸ್ಸಿನ ಹೆಂಗಸೊಬ್ಬರು ಕೂಗಿದರು. ನಾನು ವೇದಿಕೆಯಿಂದ ಇಳಿದಿರಲೇ ಇಲ್ಲ. ಬಾಯಿ ತೆರೆದೆ, ದನಿ ಒಡೆದು ಹೋಯಿತು.

ಸಭಾಂಗಣದಲ್ಲಿ ಉಳಿದವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ನೋಡಲಿ ಎಂದು ಇನ್ನೂ ಜೋರಾಗಿ ಕೂಗಿದೆ.