ಮೊರದ ಹಿಂದಿನ ಕರಡಿ

ನಮ್ಮ ಅತ್ತೆಯ ಎದುರಿಗೆ ಕಳ್ಳರನ್ನು ತಂದು ನಿಲ್ಲಿಸಿದ್ದು ನನ್ನ ದಡ್ಡತನ. ವಾರವೆಲ್ಲ ತಲೆ ಕೆಡಿಸಿಕೊಂಡು ಆಟಕ್ಕೆಂದು ಕಟ್ಟಿದ ಕಾದಾಟ ಅದು. ಗುಡೇಕೋಟೆಯ ಗುಡ್ಡದ ಸಂದಿ, ಮಚ್ಚು ಹಿಡಿದ ಕಳ್ಳರು, ಓಡಲು ಜಾಗವಿಲ್ಲ. ಅತ್ತೆ ದಾಳವನ್ನು ಮುಟ್ಟಲೇ ಇಲ್ಲ. "ಯಾವೂರಪ್ಪಾ ನಿಮ್ದು? ಯಾರ ಪೈಕಿ?" ಎಂದು ಕಳ್ಳರನ್ನೇ ವಿಚಾರಿಸಿದರು. ಕಳ್ಳರಿಗೆ ಬಾಯಿ ನಾನೇ ಆದ್ದರಿಂದ ಏನೋ ಒಂದು ಹೇಳಬೇಕಲ್ಲ, "ಹಡಗಲಿ ಕಡಿಯವ್ರು" ಅಂದೆ. ಮುಗಿಯಿತು! ಹಡಗಲಿ ಅತ್ತೆಯ ತವರು. ನೋಡನೋಡುತ್ತ ಕಳ್ಳರ ನಾಯಕ ಅವರ ಸೋದರತ್ತೆಯ ಮೊಮ್ಮಗನಾಗಿ, ರೊಟ್ಟಿ ಶೇಂಗಾಚಟ್ನಿ ತಿಂದು, ಅತ್ತೆಯ ಆಡುಗಳನ್ನು ತಾನೇ ಗುಡ್ಡ ದಾಟಿಸಿಕೊಟ್ಟು ಹೋದ. ನನ್ನ ಕಾದಾಟ ಹಳ್ಳ ಹಿಡಿಯಿತು.

ಇದು ಕೊಟ್ಟೂರಿನ ನಮ್ಮ ಪಡಸಾಲೆಯಲ್ಲಿ ಭಾನುವಾರ ಮಧ್ಯಾಹ್ನ ನಡೆಯುವ ಆಟ. ನಾನು ಹಾಸ್ಟೆಲಿನಲ್ಲಿ ಕಲಿತು ತಂದದ್ದು. ಒಬ್ಬರು ಕಥೆ ನಡೆಸಬೇಕು. ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ ಏನು ಮಾಡುತ್ತೇವೆಂದು ಹೇಳುತ್ತ ಹೋಗಬೇಕು. ಮಾಡಲು ಹೊರಟದ್ದು ಆಗುತ್ತದೋ ಇಲ್ಲವೋ ಅನ್ನಿಸಿದಾಗ ಇಪ್ಪತ್ತು ಮುಖದ ದಾಳ ಉರುಳಿಸುವುದು. ಎಷ್ಟು ಬಿದ್ದರೆ ಗೆದ್ದಂತೆ ಎಂದು ಹೇಳುವವಳು ನಾನು. ಕಳ್ಳರು, ಮೃಗಗಳ ಪರವಾಗಿ ದಾಳ ಹಾಕುವವಳೂ ನಾನೇ; ಅದು ಬೇರೆಯವರಿಗೆ ಕಾಣಬಾರದೆಂದು ಅಕ್ಕಿ ಕೇರುವ ಮೊರವನ್ನು ಎದುರಿಗೆ ಅಡ್ಡ ನಿಲ್ಲಿಸಿಕೊಳ್ಳುತ್ತಿದ್ದೆ. ಆಡುವವರು ನನ್ನ ಗಂಡ, ಎದುರು ಗ್ಯಾರೇಜಿನ ಅವರ ಮೆಕ್ಯಾನಿಕ್ ಗೆಳೆಯ, ಮತ್ತು ಅತ್ತೆ.

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟಕ್ಕೆ ಆಪರೇಷನ್ ಆಗಿತ್ತು. ವಾಕರ್ ಹಿಡಿದು ದಿನಾ ನಡೆಯದಿದ್ದರೆ ಕಾಲು ಮರಗಟ್ಟಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಯಾರು ಕೇಳಬೇಕು? ಕೋಣೆ ಬಿಟ್ಟು ಬರಲೊಲ್ಲರು. ಭಾನುವಾರದ ಆಟಕ್ಕೆ ಮಾತ್ರ ನಮ್ಮನ್ನೆಲ್ಲ ಬೈಯುತ್ತ, ವಾಕರ್ ಕಟಕಟ ಎನಿಸುತ್ತ ಪಡಸಾಲೆಗೆ ಬರುತ್ತಿದ್ದರು. ಆಟದಲ್ಲಿ ಅವರು ಆಡು ಕಾಯುವ ಹೆಂಗಸು. ಬಾಗಳಿಯಿಂದ ಗುಡೇಕೋಟೆಗೆ ನಡೆದೇ ಹೋಗುವಷ್ಟು ಗಟ್ಟಿಗಿತ್ತಿ. ಆ ಹೆಂಗಸಿಗೆ ಏನಾದರೂ ಆದರೆ ಅತ್ತೆ ಆಟ ಬಿಡುತ್ತಾರೆ, ಇರುವ ಒಂದು ನಡಿಗೆಯೂ ನಿಂತು ಹಾಸಿಗೆ ಹಿಡಿಯುತ್ತಾರೆ ಎಂಬ ಹೆದರಿಕೆ ನಮ್ಮೆಲ್ಲರಿಗೂ ಇತ್ತು.

ಕಳ್ಳರಿಂದ ಆಗದ್ದಕ್ಕೆ ಮುಂದಿನ ವಾರ ಕರಡಿ ತಂದೆ. ಕರಡಿಯನ್ನು ಯಾರ ಪೈಕಿ ಎಂದು ಕೇಳುವಂತಿಲ್ಲವಲ್ಲ! ಸುದ್ದಿ ತಿಳಿದ ಗಂಡ ಅಡುಗೆಮನೆಗೇ ಬಂದರು.

"ಅವ್ವನ ಮ್ಯಾಲೆ ಕರಡಿ ಬಿಡಬ್ಯಾಡ, ನೋಡು."

ಹಿಂದಿನಿಂದ ಮೆಕ್ಯಾನಿಕ್ ಇಣುಕಿದ. "ಭಾಬಿ, ನಮ್ಮನ್ನ ಬೇಕಾದ್ರ ಹರಿದು ಹಾಕ್ರಿ. ಅಮ್ಮನ್ನ ಮುಟ್ಟಬ್ಯಾಡ್ರಿ."

"ಹಂಗಾದ್ರ ನೀವ ನಡಸ್ರಿ ಆಟ! ಹಲ್ಲಿಲ್ಲದ ಕರಡಿ ಯಾವ ಸೀಮಿ ಕರಡಿ?" ಎಂದು ರೇಗಿದೆ. ರೇಗಿದೆನೇ ಹೊರತು ನನ್ನ ಎದೆಯೂ ಗಟ್ಟಿಯಿರಲಿಲ್ಲ.

ಕರಡಿ ಬಂತು. ಗಂಡಸರಿಬ್ಬರನ್ನೂ ಚೆನ್ನಾಗಿ ಪರಚಿತು. ಆಮೇಲೆ ಅತ್ತೆಯ ಕಡೆ ತಿರುಗಿತು. ಮೊರದ ಹಿಂದೆ ದಾಳ ಹದಿನೆಂಟು ತೋರಿಸುತ್ತಿತ್ತು, ಕರಡಿ ಗೆದ್ದಂತೆ. ನಾನು "ಕರಡಿ ಮುಗ್ಗರಿಸ್ತು" ಅಂದೆ. ಮತ್ತೆ ಬಂತು, ಮತ್ತೆ ಮುಗ್ಗರಿಸಿತು. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ಅವ್ರ ಕಡಿ ಹೋದ್ರ ಕರಡಿಗೆ ಉಗುರು ಅದಾವು. ನನ್ನ ಕಡಿ ಬಂದ್ರ ಕಾಲು ಜಾರತೈತಿ. ಏನವ್ವಾ ಇದು?"

"ನಿಮ್ಮ ನಸೀಬ ಚೊಲೊ ಐತ್ರಿ, ಅತ್ತಿ."

"ನಸೀಬಲ್ಲ, ನಿನ್ನ ತಲಿ. ಆ ಮೊರ ತಗಿ. ಚೌಕಾಬಾರದಾಗ ಕವಡಿ ಮುಚ್ಚಿಟ್ಟು ಆಡಿದ್ದು ನಾ ಎಲ್ಲೂ ಕಂಡಿಲ್ಲ. ತಾಟಿನಾಗ ಹಾಕು, ಎಲ್ಲಾರಿಗೂ ಕಾಣ್ಲಿ."

ಮೊರ ತೆಗೆದೆ. ಸ್ಟೀಲಿನ ತಾಟಿನಲ್ಲಿ ದಾಳ ಟಣಟಣ ಉರುಳಿ ಹತ್ತೊಂಬತ್ತಕ್ಕೆ ನಿಂತಿತು. ಇನ್ನೇನು ಹೇಳಲಿ? ಕರಡಿಯ ಪಂಜಾ ತೊಡೆಗೆ ಬಿತ್ತು, ಆಡು ಕಾಯುವ ಹೆಂಗಸು ನೆಲಕ್ಕೆ ಉರುಳಿದಳು ಎಂದು ಹೇಳಿದೆ.

"ಅಮ್ಮಾ, ನಾ ಎತ್ಕೊಂತೀನಿ! ಹೆಗಲ ಮ್ಯಾಲೆ ಹಾಕ್ಕೊಂಡು ಓಡತೀನಿ" ಎಂದು ಮೆಕ್ಯಾನಿಕ್ ಕೂತಲ್ಲೇ ಅರ್ಧ ಎದ್ದ. ಬಚ್ಚಲಲ್ಲಿ ಬಿದ್ದ ದಿನವೂ ಕೂಗು ಕೇಳಿ ಗ್ಯಾರೇಜಿನಿಂದ ಓಡಿ ಬಂದು ಅತ್ತೆಯನ್ನು ಎತ್ತಿದವನು ಅವನೇ.

"ಸುಮ್ನ ಕುಂದ್ರಲೇ. ನಾ ಇನ್ನಾ ಸತ್ತಿಲ್ಲ. ಅಲ್ಲಿ ಮ್ಯಾಲೆ ಕಾಣೋ ಕಲ್ಲಿನ ಸಂದಿಗೆ ತೆವಳಿಕೋತ ಹೋಕ್ಕೀನಿ." ನನ್ನ ಕಡೆ ತಿರುಗಿದರು. "ಎಷ್ಟು ಬೀಳಬೇಕು? ಖರೇ ಹೇಳು."

ಗಂಡ ನನ್ನನ್ನು ದಿಟ್ಟಿಸಿ ನೋಡುತ್ತಿದ್ದರು. ಐದು ಅನ್ನು ಎಂದು ಆ ಕಣ್ಣು ಬೇಡುತ್ತಿತ್ತು. ಆದರೆ ತೊಡೆ ಹರಿದಿದೆ, ದಾರಿ ಏರು, ಕರಡಿ ಮಗ್ಗುಲಲ್ಲೇ ಇದೆ.

"ಹದಿನೈದು" ಅಂದೆ.

ಅತ್ತೆ ದಾಳವನ್ನು ಕವಡೆಯಂತೆ ಎರಡೂ ಅಂಗೈಯಲ್ಲಿ ಕುಲುಕಿ ತಾಟಿಗೆ ಬಿಟ್ಟರು. ಹನ್ನೊಂದು.

"ಅತ್ತಿ, ಇನ್ನೊಂದ್ಸಲ ಹಾಕ್ರಿ" ಅಂದೆ.

"ಯಾಕ? ಹನ್ನೊಂದು ಅಂದ್ರ ಹನ್ನೊಂದ." ಅತ್ತೆ ನಗುತ್ತಿದ್ದರು. ಮೆಕ್ಯಾನಿಕ್‌ನ ಕಡೆ ಎರಡೂ ಕೈ ಚಾಚಿದರು. "ಬಾರಪ್ಪಾ, ಈಗ ಎತ್ತು. ಅವತ್ತು ಬಚ್ಚಲದಾಗ ಬಿದ್ದಾಗ, ಏಳಾಕ ಆಕೈತೇನು ಅಂತ ಒಬ್ರೂ ನನ್ನ ಕೇಳ್ಲಿಲ್ಲ. ಅಕ್ಕಿ ಚೀಲ ಎತ್ತಿದಂಗ ಎತ್ತಿ ಆಟೋದಾಗ ಹಾಕಿದ್ರಿ. ಅವತ್ತಿಂದ ಕುಂದ್ರು ಅಂದ್ರ ಕುಂತೆ, ಮಲಗು ಅಂದ್ರ ಮಲಗಿದೆ. ಇವತ್ತು ಈ ದಾಳ ಕೇಳ್ತು. ನನ್ನ ಕೈಲಿ ಆಗ್ಲಿಲ್ಲ, ಹೋಗ್ಲಿ. ಈಗ ಎತ್ತು."

ಅವನು ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡು ದಾಳ ಹಾಕಿದ. ಅದೂ ತಾಟಿನಲ್ಲೇ, ಎಲ್ಲರಿಗೂ ಕಾಣುವಂತೆ. ಗೆದ್ದ. ಆಡು ಕಾಯುವ ಹೆಂಗಸು ಅವನ ಹೆಗಲೇರಿ ಗುಡ್ಡ ಇಳಿದಳು.

ಆಟ ಮುಗಿದ ಮೇಲೆ ಗಂಡ ರೂಢಿಯಂತೆ ಅತ್ತೆಯ ಕಂಕುಳಿಗೆ ಕೈ ಹಾಕಿ ಎಬ್ಬಿಸಲು ಬಗ್ಗಿದರು. ಬಗ್ಗಿದವರು ಅಲ್ಲೇ ನಿಂತು ಕೇಳಿದರು.

"ಏಳತೀ ಏನವ್ವಾ? ಕೈ ಹಿಡೀಲೇನು?"

"ತಡಿ" ಎಂದು ಅತ್ತೆ ವಾಕರನ್ನು ಹತ್ತಿರಕ್ಕೆ ಎಳೆದುಕೊಂಡರು. ಮೊದಲ ಸಲ ಆಗಲಿಲ್ಲ, ಕುರ್ಚಿಗೆ ಕುಸಿದರು. ನಾವು ಮೂವರೂ ಕೈಕಟ್ಟಿ ನಿಂತಿದ್ದೆವು. ಆಮೇಲೆ ಎದ್ದರು.